ಉಗುರಿನ ಸಂದಿಯ ಗ್ರೀಸ್

ನಮ್ಮ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಸಂಜೆ ಮನೆಗೆ ಬಂದವರು ಒಳಗೆ ಕಾಲಿಡುವ ಮೊದಲು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು. ಮೊದಲು ಸೀಮೆಎಣ್ಣೆ, ಆಮೇಲೆ ಕಟ್ಟಿಗೆ ಹೊಟ್ಟು, ಕೊನೆಗೆ ಬಟ್ಟೆ ಸೋಪು. ಇಷ್ಟೆಲ್ಲ ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು.

ಭಾನುವಾರ ಸಂಜೆ ದೂರದರ್ಶನದಲ್ಲಿ ಹಿಂದಿ ಸಿನಿಮಾ. ನನಗೆ ಹಿಂದಿ ಕಲಿಸಿದ್ದು ಶಾಲೆಗಿಂತ ಜಾಸ್ತಿ ಆ ಸಿನಿಮಾಗಳೇ. ಓಣಿಯ ಅರ್ಧ ಜನ ಟಿವಿ ಇದ್ದ ಮನೆಯಲ್ಲಿ ಸೇರುತ್ತಿದ್ದೆವು. ಒಂದು ಸಲ ಯಾವುದೋ ಚಿತ್ರದಲ್ಲಿ ನಾಯಕ ಮೆಕ್ಯಾನಿಕ್. ಕಾರಿನ ಕೆಳಗಿಂದ ಜಾರಿಕೊಂಡು ಹೊರಗೆ ಬಂದ. ಕೆನ್ನೆಯ ಮೇಲೆ ನೀಟಾಗಿ ಒಂದು ಗೆರೆ ಗ್ರೀಸ್ ಎಳೆದಿದ್ದರು. ನಾವು ಹುಡುಗರೆಲ್ಲ ಸೀಟಿ ಹೊಡೆದೆವು. ಅಪ್ಪ ಹಿಂದಿನಿಂದ ಮೆತ್ತಗೆ ಒಂದೇ ಮಾತು ಹೇಳಿದರು. ‘ಅವನ ಉಗರ ನೋಡು. ಪಾನಾ ಹಿಡದ ಕೈ ಅಲ್ಲ ಅದು.’ ಪಾನಾ ಅಂದರೆ ಸ್ಪ್ಯಾನರ್.

ನಾನು ಸಿನಿಮಾ ವಿಮರ್ಶೆ ಬರೆಯಲು ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಈ ನಡುವೆ ತುಂಬ ಓದಿದ್ದೇನೆ, ಫೆಸ್ಟಿವಲ್‌ಗಳಲ್ಲಿ ದಿನಕ್ಕೆ ಐದೈದು ಚಿತ್ರ ನೋಡಿದ್ದೇನೆ. ಆದರೆ ಹೊಸ ಹಿಂದಿ ಸಿನಿಮಾಕ್ಕೆ ಕೂತಾಗ ಇವತ್ತಿಗೂ ನನ್ನ ಕಣ್ಣು ಮೊದಲು ಹೋಗುವುದು ಪಾತ್ರದ ಕೈಗೆ. ಇವನು ಏನು ಕೆಲಸ ಮಾಡುತ್ತಾನೆ? ಇವಳಿಗೆ ಸಂಬಳ ಎಲ್ಲಿಂದ ಬರುತ್ತದೆ? ಈ ಮನೆಯ ಬಾಡಿಗೆ ಕಟ್ಟುವವರು ಯಾರು?

ಈ ಮೂರು ಪ್ರಶ್ನೆಗೆ ಉತ್ತರವೇ ಸಿಗದ ಸಿನಿಮಾಗಳು ಇವತ್ತು ಹಿಂದಿಯಲ್ಲಿ ರಾಶಿ ರಾಶಿ ಬರುತ್ತಿವೆ. ಬಾಲಿವುಡ್‌ಗೆ ಏನಾಗಿದೆ ಅಂತ ಸಿಕ್ಕವರೆಲ್ಲ ನನ್ನನ್ನು ಕೇಳುತ್ತಾರೆ. ಸ್ಟಾರ್ ಮಕ್ಕಳ ಹಾವಳಿ, ರೀಮೇಕ್, ಸಂಭಾವನೆ, ಓಟಿಟಿ ಅಂತ ಅವರೇ ಕಾರಣಗಳನ್ನೂ ಹೇಳುತ್ತಾರೆ. ಅವೆಲ್ಲ ಇವೆ, ಇಲ್ಲ ಅನ್ನುವುದಿಲ್ಲ. ನನ್ನನ್ನು ಕಾಡುವುದು ಇನ್ನೊಂದು. ಹಿಂದಿ ಸಿನಿಮಾದೊಳಗಿಂದ ಕೆಲಸ ಅನ್ನೋದೇ ಕಾಣೆಯಾಗಿದೆ. ದುಡಿಯುವುದು, ದಣಿಯುವುದು, ದಿನದ ಕೂಲಿ ಎಣಿಸುವುದು ಇವೆಲ್ಲ ಪರದೆಯಿಂದ ಹೋಗಿಬಿಟ್ಟಿವೆ. ಅವು ಉಳಿದಿರುವ ಕೆಲವೇ ಚಿತ್ರಗಳು ಗಟ್ಟಿಯಾಗಿವೆ ಅನ್ನುವುದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

‘ಲಾಪತಾ ಲೇಡೀಸ್’ ನೆನಪು ಮಾಡಿಕೊಳ್ಳಿ. ಕಿರಣ್ ರಾವ್ ನಿರ್ದೇಶನದ ಈ ಚಿತ್ರ 2024ರ ಮಾರ್ಚ್‌ನಲ್ಲಿ ಬಂತು. ಸೆರಗು ಮುಖದ ತನಕ ಎಳೆದುಕೊಂಡ ಇಬ್ಬರು ಮದುಮಗಳಂದಿರು ರೈಲಿನಲ್ಲಿ ಅದಲು ಬದಲಾಗುವ ಕಥೆ ಎಲ್ಲರಿಗೂ ಗೊತ್ತು. ಎಲ್ಲರೂ ಸೆರಗಿನ ಬಗ್ಗೆ ಬರೆದರು, ಸರಿಯಾಗೇ ಬರೆದರು. ನನಗೆ ಆ ಚಿತ್ರದ ಎದೆ ಇರುವುದು ರೈಲ್ವೆ ಸ್ಟೇಷನ್ನಿನ ಟೀ ಅಂಗಡಿಯಲ್ಲಿ. ಛಾಯಾ ಕದಂ ಮಾಡಿರುವ ಮಂಜು ಮಾಯಿ ಅಲ್ಲಿ ಒಬ್ಬಳೇ ಅಂಗಡಿ ನಡೆಸುತ್ತಾಳೆ. ದಾರಿ ತಪ್ಪಿದ ಫೂಲ್‌ಗೆ ಗಂಡನ ಊರಿನ ಹೆಸರೂ ಸರಿಯಾಗಿ ಗೊತ್ತಿಲ್ಲ. ಅಡುಗೆ ಗೊತ್ತು, ಹೊಲಿಗೆ ಗೊತ್ತು, ಮನೆಗೆಲಸ ಗೊತ್ತು, ಆದರೆ ತನಗೆ ಏನಾದರೂ ಗೊತ್ತು ಅನ್ನುವುದೇ ಅವಳಿಗೆ ಗೊತ್ತಿಲ್ಲ. ಅವಳು ಅಂಗಡಿಯಲ್ಲಿ ಕಲಾಕಂದ್ ಮಾಡುತ್ತಾಳೆ. ಗಿರಾಕಿಗಳು ಮೆಚ್ಚುತ್ತಾರೆ. ಮಂಜು ಮಾಯಿ ಅವಳ ಕೈಗೆ ದುಡ್ಡು ಇಡುತ್ತಾಳೆ.

ಆ ಹುಡುಗಿ ದುಡ್ಡನ್ನು ನೋಡುವ ರೀತಿ ಇದೆಯಲ್ಲ, ನಿತಾಂಶಿ ಗೋಯಲ್ ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅಂದರೆ, ಅಲ್ಲಿ ಸಂಭಾಷಣೆಯೇ ಬೇಡ. ಇಷ್ಟು ದಿನ ಅವಳು ಮಾಡಿದ್ದು ಕೆಲಸ ಅಂತ ಯಾರೂ ಅಂದಿರಲಿಲ್ಲ. ಈಗ ಅದಕ್ಕೊಂದು ಬೆಲೆ ಬಂತು, ಅದೂ ನೋಟಿನ ರೂಪದಲ್ಲಿ, ಅಂಗೈಯಲ್ಲಿ. ಸ್ತ್ರೀವಾದದ ಭಾಷಣ ಮಾಡುವ ಎಷ್ಟೋ ಹಿಂದಿ ಚಿತ್ರಗಳು ಹತ್ತು ನಿಮಿಷ ಮಾತಾಡಿ ಹೇಳಲಾಗದ್ದನ್ನು ಈ ಒಂದು ಅಂಗೈ ಹೇಳುತ್ತದೆ.

ಹಳೆಯ ಹಿಂದಿ ಸಿನಿಮಾದಲ್ಲಿ ಇಂಥ ಅಂಗೈಗಳು ಬೇಕಾದಷ್ಟಿದ್ದವು. 1953ರ ‘ದೋ ಬಿಘಾ ಜಮೀನ್’ನಲ್ಲಿ ಬಲರಾಜ್ ಸಾಹ್ನಿ ಕಲ್ಕತ್ತಾದ ರಸ್ತೆಗಳಲ್ಲಿ ರಿಕ್ಷಾ ಎಳೆದರು. ಪಾತ್ರಕ್ಕಾಗಿ ನಿಜವಾಗಿಯೂ ಎಳೆದು ಕಲಿತಿದ್ದರು. 1975ರ ‘ದೀವಾರ್’ನಲ್ಲಿ ತಾಯಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾಳೆ, ಮಗ ಬೂಟ್ ಪಾಲಿಶ್ ಮಾಡುತ್ತಾನೆ, ಬೆಳೆದ ಮೇಲೆ ಬಂದರಿನಲ್ಲಿ ಕೂಲಿ. ಅವನ ಬಿಲ್ಲೆಯ ನಂಬರ್ 786 ನಮ್ಮ ಓಣಿಯ ಹುಡುಗರಿಗೆಲ್ಲ ಬಾಯಿಪಾಠ ಇತ್ತು. ಅಮಿತಾಭ್ ಬಚ್ಚನ್ ‘ಕೂಲಿ’ ಚಿತ್ರಕ್ಕಾಗಿ 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಹೊಡೆದಾಟದ ದೃಶ್ಯ ಮಾಡುವಾಗಲೇ ಹೊಟ್ಟೆಗೆ ಪೆಟ್ಟು ತಿಂದು ಸಾವಿನ ಹತ್ತಿರ ಹೋಗಿ ಬಂದದ್ದು. ದೇಶದ ಅತಿ ದೊಡ್ಡ ಸ್ಟಾರ್ ರೈಲ್ವೆ ಕೂಲಿಯ ಕೆಂಪು ಅಂಗಿ ಹಾಕಿಕೊಂಡು, ತೋಳಿಗೆ ಬಿಲ್ಲೆ ಕಟ್ಟಿಕೊಂಡು ನಿಂತಿದ್ದ. ಇವತ್ತಿನ ಯಾವ ದೊಡ್ಡ ನಟ ಆ ಅಂಗಿ ಹಾಕುತ್ತಾನೆ ಹೇಳಿ?

ಆ ಚಿತ್ರಗಳೆಲ್ಲ ನಿಜಕ್ಕೆ ಹತ್ತಿರ ಇದ್ದವು ಅಂತ ನಾನು ವಾದ ಮಾಡುವುದಿಲ್ಲ. ‘ದೀವಾರ್’ನ ವಿಜಯ್ ಕೂಡ ಬೇಗನೆ ಬಂದರು ಬಿಟ್ಟು ಕಳ್ಳಸಾಗಣೆಗೆ ಇಳಿಯುತ್ತಾನೆ, ಸೂಟು ಬೂಟು ಬರುತ್ತದೆ. ಅಲ್ಲೂ ದುಡಿಮೆ ಒಂದು ಏಣಿಯೇ. ಆದರೆ ಏಣಿಯ ಕೆಳಗಿನ ಮೆಟ್ಟಿಲು ಕಾಣುತ್ತಿತ್ತು. ಹಫ್ತಾ ಕೊಡಲ್ಲ ಅಂದ ಕೂಲಿಯೊಬ್ಬ ಸಾಯುವುದು ಕಾಣುತ್ತಿತ್ತು. ಹುಬ್ಬಳ್ಳಿಯ ಥೇಟರಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಮಾಲರಿಗೆ ಅದು ತಮ್ಮದೇ ಕಥೆ ಅನಿಸುತ್ತಿತ್ತು.

ಆಮೇಲೆ ಏನಾಯಿತು? ಒಂದೇ ದಿನದಲ್ಲಿ ಆದದ್ದಲ್ಲ. 1982ರ ಜನವರಿಯಲ್ಲಿ ಮುಂಬೈ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರ ಶುರುವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದರು, ಬಹಳಷ್ಟು ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರಲ್ಲಿ ಆರ್ಥಿಕ ಉದಾರೀಕರಣ ಬಂತು. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಬಂತು, 14 ಹಾಡು, ಮದುವೆ, ಸೀಮಂತ, ದೊಡ್ಡ ಮನೆ. ಆ ಇಡೀ ಚಿತ್ರದಲ್ಲಿ ದುಡಿಯುವ ಮನುಷ್ಯ ಅಂತ ನನಗೆ ನೆನಪಿರುವುದು ಮನೆಯಾಳು ಲಲ್ಲು ಒಬ್ಬನೇ. 1997ರಲ್ಲಿ ದೆಹಲಿಯ ಸಾಕೇತ್‌ನಲ್ಲಿ ದೇಶದ ಮೊದಲ ಮಲ್ಟಿಪ್ಲೆಕ್ಸ್ ತೆರೆಯಿತು. 1998ರಲ್ಲಿ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನ ಕೊಟ್ಟಿತು. ಬ್ಯಾಂಕ್ ಸಾಲ ಬಂತು, ಕಾರ್ಪೊರೇಟ್ ದುಡ್ಡು ಬಂತು, ವಿದೇಶದ ಮಾರುಕಟ್ಟೆ ಬಂತು. ಟಿಕೆಟ್ ಕೊಳ್ಳುವವನು ಬದಲಾದ. ಟಿಕೆಟ್ ಕೊಳ್ಳುವವನು ಬದಲಾದರೆ ಪರದೆಯ ಮೇಲಿನವನೂ ಬದಲಾಗಲೇಬೇಕು ಅಲ್ವಾ.

ಮುಂಬೈಯ ಲೋವರ್ ಪರೇಲ್‌ನಲ್ಲಿ ಫೀನಿಕ್ಸ್ ಮಿಲ್ಸ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ, ಮಾಲ್‌ನಲ್ಲಿ ಮಲ್ಟಿಪ್ಲೆಕ್ಸ್ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಂತ್ರಿ ಮಾಲ್ ಎದ್ದಿದೆ. ನಾನು ಎಷ್ಟೋ ಹಿಂದಿ ಚಿತ್ರಗಳನ್ನು ನೋಡಿರುವುದು ಅಲ್ಲೇ. ಒಂದು ಕಾಲದಲ್ಲಿ ಸೈರನ್ ಆದಾಗ ಜನ ಪಾಳಿಗೆ ಹೋಗುತ್ತಿದ್ದ ನೆಲದ ಮೇಲೆ ಕೂತು ಸಿನಿಮಾ ನೋಡುತ್ತೇವೆ, ಮತ್ತು ಆ ಸಿನಿಮಾದಲ್ಲಿ ಪಾಳಿಗೆ ಹೋಗುವವರು ಯಾರೂ ಇರುವುದಿಲ್ಲ. ಇದನ್ನು ಮೊದಲ ಸಲ ಯೋಚಿಸಿದ ದಿನ ಇಂಟರ್‌ವಲ್‌ನಲ್ಲಿ ನನಗೆ ಸೀಟಿನಿಂದ ಏಳೋಕೇ ಆಗಲಿಲ್ಲ.

ಈಗಿನ ದೊಡ್ಡ ಚಿತ್ರಗಳಿಗೆ ಬರುತ್ತೇನೆ. 2023ರ ಡಿಸೆಂಬರ್‌ನಲ್ಲಿ ಬಂದ ‘ಅನಿಮಲ್’ 3 ಗಂಟೆ 21 ನಿಮಿಷದ ಚಿತ್ರ. ನಾಯಕನ ತಂದೆ ದೇಶದ ದೊಡ್ಡ ಉಕ್ಕಿನ ಉದ್ಯಮಿ. ಅದರ ಹಿಂಸೆ, ಹೆಣ್ಣುಮಕ್ಕಳನ್ನು ಅದು ನೋಡುವ ರೀತಿ, ಇದರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ, ನಾನೂ ಸಿಟ್ಟಿನಲ್ಲೇ ಬರೆದೆ. ಆ ಸಿಟ್ಟು ಈಗಲೂ ಇದೆ. ಆದರೆ ಎರಡನೇ ಸಲ ನೋಡುವಾಗ ಕಂಡದ್ದು ಇನ್ನೊಂದು. ಮೂರೂ ಕಾಲು ಗಂಟೆಯಲ್ಲಿ ಉಕ್ಕು ಹೇಗೆ ಆಗುತ್ತದೆ ಅಂತ ಗೊತ್ತಾಗುವುದಿಲ್ಲ. ಕಾರ್ಮಿಕರು ಬರುತ್ತಾರೆ, ಮಾಲೀಕನ ಮಗನ ಭಾಷಣ ಕೇಳೋಕೆ ಬರುತ್ತಾರೆ. ಕುಲುಮೆಯ ಮುಂದೆ ಎಂಟು ಗಂಟೆ ನಿಲ್ಲುವವನ ಮುಖ ಒಂದೂ ನೆನಪಿನಲ್ಲಿ ಉಳಿಯಲ್ಲ. ಅಪ್ಪ-ಮಗನ ಪ್ರೀತಿಯ ಕಥೆ ಅಂತ ಅದನ್ನು ಹೊಗಳಿದವರಿದ್ದಾರೆ. ಅಪ್ಪನಿಗೆ ಮಗನ ಕಡೆ ನೋಡೋಕೆ ಪುರುಸೊತ್ತಿಲ್ಲ ಅನ್ನೋದು ಅದರ ಮೂಲ ನೋವು. ಸರಿ, ಆದರೆ ಅವನಿಗೆ ಪುರುಸೊತ್ತಿಲ್ಲದಂತೆ ಮಾಡಿದ ಕೆಲಸವನ್ನು ಒಂದು ದೃಶ್ಯದಲ್ಲಾದರೂ ತೋರಿಸಿದ್ದರೆ ಆ ನೋವು ನಂಬುವ ಹಾಗಿರುತ್ತಿತ್ತು. ನಮ್ಮಪ್ಪನಿಗೂ ಪುರುಸೊತ್ತು ಇರಲಿಲ್ಲ. ಯಾಕೆ ಇರಲಿಲ್ಲ ಅನ್ನೋದು ಅವರ ಕೈ ನೋಡಿದರೆ ಗೊತ್ತಾಗುತ್ತಿತ್ತು.

ಇಲ್ಲೊಂದು ವಿಷಯ ಕನ್ನಡದವನಾಗಿ ಹೇಳಲೇಬೇಕು. ಹಿಂದಿ ಸಿನಿಮಾ ಕೂಲಿಯನ್ನು ಬಿಟ್ಟಿತು, ಹಿಂದಿ ಪ್ರೇಕ್ಷಕ ಬಿಡಲಿಲ್ಲ. ಅವನಿಗೆ ಕೂಲಿ ಸಿಕ್ಕಿದ್ದು ದಕ್ಷಿಣದ ಡಬ್ಬಿಂಗ್ ಚಿತ್ರಗಳಲ್ಲಿ. ‘ಪುಷ್ಪ’ದ ನಾಯಕ ರಕ್ತಚಂದನದ ಮರ ಕಡಿದು ಹೊರುವ ದಿನಗೂಲಿ. ನಮ್ಮ ‘ಕೆಜಿಎಫ್’ನಲ್ಲಿ ಬಡತನದಲ್ಲಿ ಹುಟ್ಟಿದ ಹುಡುಗ ಗಣಿಯ ಜೀತದಾಳುಗಳ ನಡುವೆ ಬಂದು ನಿಲ್ಲುತ್ತಾನೆ. 2022ರ ಏಪ್ರಿಲ್‌ನಲ್ಲಿ ಎರಡನೇ ಭಾಗ ಬಂದಾಗ ಉತ್ತರ ಭಾರತದ ಸಿಂಗಲ್ ಸ್ಕ್ರೀನ್‌ಗಳಲ್ಲಿ ಜನ ನುಗ್ಗಿದ್ದನ್ನು ಹಿಂದಿಯ ನಿರ್ಮಾಪಕರು ಬೆರಗಿನಿಂದ ನೋಡಿದರು. ಅದರಿಂದ ಕಲಿತದ್ದು ಏನು? ಗಡ್ಡ, ಸ್ಲೋ ಮೋಷನ್, ದೊಡ್ಡ ಬಂದೂಕು. ಬೆವರನ್ನು ಅವರು ಗಮನಿಸಲೇ ಇಲ್ಲ.

ಹಾಗಂತ ನಮ್ಮದೇ ಸರಿ ಅಂತ ಬೀಗಲಾರೆ. ‘ಕೆಜಿಎಫ್’ನಲ್ಲೂ ಗಣಿ ಕಾರ್ಮಿಕರು ಗುಂಪಾಗಿ ಬರುತ್ತಾರೆ, ಮಣ್ಣು ಮೆತ್ತಿದ ಗುಂಪು, ನಾಯಕನನ್ನು ನೋಡಿ ಕಣ್ಣರಳಿಸುವ ಗುಂಪು. ಕೋಲಾರದ ನಿಜವಾದ ಗಣಿ 2001ರಲ್ಲಿ ಮುಚ್ಚಿತು. ನೂರಿಪ್ಪತ್ತು ವರ್ಷದ ಆ ಗಣಿಯೊಳಗೆ ಇಳಿದು, ಎದೆಗೆ ಧೂಳು ತುಂಬಿಕೊಂಡು ಹತ್ತಿ ಬಂದವರ ಕಥೆ ಆ ಊರಿನ ಕಾಲೊನಿಗಳಲ್ಲಿ ಇನ್ನೂ ಹಾಗೇ ಬಿದ್ದಿದೆ. ಅದನ್ನು ಯಾವ ಭಾಷೆಯವರಾದರೂ ತೆಗೆಯಲಿ, ನಾನು ಮೊದಲ ದಿನವೇ ಹೋಗಿ ನೋಡುತ್ತೇನೆ.

ಈಗ ನನಗೆ ಇಷ್ಟವಾದವುಗಳ ಬಗ್ಗೆ ಬರೆಯುತ್ತೇನೆ. ಸಿಟ್ಟಿಗಿಂತ ಇದನ್ನು ಬರೆಯೋದೇ ಖುಷಿ.

‘ಟ್ವೆಲ್ತ್ ಫೇಲ್’ 2023ರ ಅಕ್ಟೋಬರ್‌ನಲ್ಲಿ ಬಂತು. ವಿಧು ವಿನೋದ್ ಚೋಪ್ರಾ ನಿರ್ದೇಶನ. ಚಂಬಲ್‌ನ ಹುಡುಗ ಐಪಿಎಸ್ ಆಗುವ ಕಥೆ. ಗೆಲುವಿನ ಕಥೆಗಳ ಬಗ್ಗೆ ನನಗೆ ಮೊದಲಿಂದ ಸ್ವಲ್ಪ ಅನುಮಾನ, ಗೆದ್ದ ಒಬ್ಬನನ್ನು ತೋರಿಸಿ ಸೋತ ಸಾವಿರ ಜನರನ್ನು ಮರೆಸಿಬಿಡುತ್ತವೆ ಅಂತ. ಈ ಚಿತ್ರ ಮರೆಸುವುದಿಲ್ಲ. ಮನೋಜ್ ದೆಹಲಿಯ ಮುಖರ್ಜಿ ನಗರದಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಗಿರಣಿ ನೋಡಿದವರಿಗೆ ಗೊತ್ತು, ಹಿಟ್ಟು ಸುಮ್ನೆ ಬಟ್ಟೆಯ ಮೇಲೆ ಬೀಳುವುದಿಲ್ಲ, ಅದು ಹುಬ್ಬಿಗೆ ಹತ್ತುತ್ತದೆ, ರೆಪ್ಪೆಗೆ ಹತ್ತುತ್ತದೆ, ಕಿವಿಯ ಮಡಿಕೆಯಲ್ಲಿ ಕೂರುತ್ತದೆ. ವಿಕ್ರಾಂತ್ ಮ್ಯಾಸ್ಸಿಯ ಮುಖದ ಮೇಲೆ ಅದು ಹಾಗೇ ಕೂತಿದೆ. ಯಂತ್ರದ ಸದ್ದು ನಿಲ್ಲದೆ ಬಡಿಯುವ ಆ ಕತ್ತಲ ಕೋಣೆಯಲ್ಲಿ ಓದುವವನಿಗೆ ಓದುವುದಕ್ಕಿಂತ ಎಚ್ಚರ ಇರುವುದೇ ಕಷ್ಟ ಅನ್ನೋದು ನಮಗೆ ತಿಳಿಯುತ್ತದೆ. ಇನ್ನು ಗೌರಿ ಭಯ್ಯಾ. ಕೊನೆಯ ಪ್ರಯತ್ನದಲ್ಲೂ ಫೇಲ್ ಆಗಿ ಅಲ್ಲೇ ಟೀ ಅಂಗಡಿ ಇಟ್ಟುಕೊಂಡು ಉಳಿದ ಹುಡುಗರಿಗೆ ದಾರಿ ಹೇಳುವವನು. ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂತು, ಮ್ಯಾಸ್ಸಿ ಶ್ರೇಷ್ಠ ನಟ ಪ್ರಶಸ್ತಿಯನ್ನು ಶಾರುಖ್ ಖಾನ್ ಜೊತೆ ಹಂಚಿಕೊಂಡ. ಅವನ ರೆಪ್ಪೆಯ ಮೇಲಿನ ಆ ಹಿಟ್ಟಿಗೆ ಪ್ರಶಸ್ತಿ ಸಿಕ್ಕಿತು ಅಂತ ನಾನು ಅಂದುಕೊಂಡೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಂದಿತಾ ದಾಸ್ ಅವರ ‘ಜ್ವಿಗಾಟೊ’ 2023ರ ಮಾರ್ಚ್‌ನಲ್ಲಿ ಬಂದಾಗ ನಾನು ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದೆ. ಜಾಗ ಕಡಿಮೆ, ಸ್ಟಾರ್ ಹಾಕಿ ನಾಲ್ಕು ಸಾಲು ಕೊಡಿ ಅಂದರು. ಕೊಟ್ಟೆ. ‘ನಿಧಾನಗತಿಯ ಚಿತ್ರ’ ಅಂತ ಬರೆದು ಮುಗಿಸಿದೆ. ಜಾಗ ಕೊಡದ್ದು ಅವರು, ಆದರೆ ಆ ಪದ ನನ್ನದು. ವರ್ಷದ ನಂತರ ಮತ್ತೆ ನೋಡಿದೆ. ಫ್ಯಾಕ್ಟರಿಯಲ್ಲಿ ಫ್ಲೋರ್ ಮ್ಯಾನೇಜರ್ ಆಗಿದ್ದವನು ಕೊರೋನಾದಲ್ಲಿ ಕೆಲಸ ಕಳೆದುಕೊಂಡು ಭುವನೇಶ್ವರದಲ್ಲಿ ಊಟ ತಲುಪಿಸುವ ಕೆಲಸಕ್ಕೆ ಸೇರಿದ್ದಾನೆ. ಅವನ ಮೇಸ್ತ್ರಿ ಯಾರು ಅಂತ ಅವನಿಗೇ ಗೊತ್ತಿಲ್ಲ. ಫೋನಿನಲ್ಲಿ ರೇಟಿಂಗ್ ಬೀಳುತ್ತದೆ, ಏಳುತ್ತದೆ. ಜಗಳ ಆಡೋಣ ಅಂದರೆ ಎದುರಿಗೆ ಮನುಷ್ಯ ಇಲ್ಲ. ನಮ್ಮಪ್ಪನ ಕಾಲದಲ್ಲಿ ಫೋರ್‌ಮನ್ ಇದ್ದ, ಯೂನಿಯನ್ ಇತ್ತು, ಗೇಟಿನ ಮುಂದೆ ನಿಂತು ಕೂಗಬಹುದಿತ್ತು. ಇವನಿಗೆ ಗೇಟೇ ಇಲ್ಲ. ಈ ಹೊಸ ಥರದ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿದ ಹಿಂದಿ ಚಿತ್ರ ಇನ್ನೊಂದನ್ನು ನಾನು ನೋಡಿಲ್ಲ. ಎಲ್ಲರನ್ನೂ ನಗಿಸುವ ಕಪಿಲ್ ಶರ್ಮಾ ಇದರಲ್ಲಿ ಸಂಕೋಚದಿಂದ ಕುಗ್ಗಿದ ಮನುಷ್ಯನಾಗಿ ಕಾಣುತ್ತಾರೆ. ಹೆಂಡತಿಯ ಪಾತ್ರದಲ್ಲಿ ಶಹಾನಾ ಗೋಸ್ವಾಮಿ, ಮನೆಯ ಹೊರಗೆ ಮೊದಲ ಸಲ ಕೆಲಸ ಹುಡುಕುತ್ತಾ ಮಸಾಜ್ ಮಾಡುತ್ತಾಳೆ, ಮಾಲ್ ಗುಡಿಸುವ ಕೆಲಸಕ್ಕೂ ಹೋಗುತ್ತಾಳೆ. ನಿಧಾನ ಅಂದೆನಲ್ಲ, ಕಾಯುವುದೇ ಆ ಕೆಲಸದ ಮುಕ್ಕಾಲು ಪಾಲು ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ.

ನೀರಜ್ ಘಯ್ವಾನ್ ಬಗ್ಗೆ ಬರೆಯದೆ ಈ ಮಾತು ಪೂರ್ತಿ ಆಗುವುದಿಲ್ಲ. ಹತ್ತು ವರ್ಷದಲ್ಲಿ ಎರಡೇ ಪೂರ್ಣ ಚಿತ್ರ. 2015ರ ‘ಮಸಾನ್’, 2025ರ ‘ಹೋಮ್‌ಬೌಂಡ್’. ಎರಡೂ ಕಾನ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟವು. ‘ಮಸಾನ್’ನಲ್ಲಿ ಕಾಶಿಯ ಘಾಟಿನಲ್ಲಿ ಹೆಣ ಸುಡುವ ಮನೆತನದ ಹುಡುಗ ದೀಪಕ್. ಎಂಜಿನಿಯರಿಂಗ್ ಓದುತ್ತಾನೆ, ಪ್ರೀತಿ ಮಾಡುತ್ತಾನೆ, ಮನೆಯಲ್ಲಿ ಮಾತ್ರ ಬೆಂಕಿಯ ಕೆಲಸ. ಒಂದು ರಾತ್ರಿ ಅಪಘಾತದಲ್ಲಿ ಸತ್ತವರ ಹೆಣಗಳು ಸಾಲಾಗಿ ಬರುತ್ತವೆ. ಅವನು ಎಂದಿನ ಹಾಗೆ ಕೆಲಸ ಮಾಡುತ್ತಿದ್ದಾನೆ, ಗಳ ಹಿಡಿದು, ಕಟ್ಟಿಗೆ ಸರಿಸುತ್ತಾ. ಆಗ ಒಂದು ಕೈಯ ಉಂಗುರ ಕಣ್ಣಿಗೆ ಬೀಳುತ್ತದೆ. ಅದು ಅವನು ಪ್ರೀತಿಸಿದ ಹುಡುಗಿಯ ಕೈ. ಹಿಂದಿ ಸಿನಿಮಾದಲ್ಲಿ ಪ್ರೇಯಸಿ ಸಾಯುವುದು ಹೊಸದೇನಲ್ಲ. ಆದರೆ ಕೆಲಸದ ನಡುವೆ, ಕೆಲಸದ ಭಾಗವಾಗಿಯೇ ಆ ಸಾವು ಎದುರಾಗುವುದು, ಮತ್ತು ಆ ಕೆಲಸವನ್ನು ಅವನ ಮೇಲೆ ಹೊರಿಸಿದ್ದು ಜಾತಿ ಅನ್ನುವುದು, ಇವೆರಡೂ ಒಂದೇ ಕ್ಷಣದಲ್ಲಿ ಬಂದು ಬಡಿಯುತ್ತವೆ. ವಿಕ್ಕಿ ಕೌಶಲ್ ಆಮೇಲೆ ಎಷ್ಟೋ ದೊಡ್ಡ ಚಿತ್ರ ಮಾಡಿದ. ನನಗೆ ಅವನು ಅಂದರೆ ಆ ಘಾಟಿನಲ್ಲಿ ಗಳ ಹಿಡಿದು ನಿಂತ ಹುಡುಗನೇ.

‘ಹೋಮ್‌ಬೌಂಡ್’ನ ಇಬ್ಬರು ಗೆಳೆಯರಿಗೆ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು. ಒಬ್ಬ ಮುಸ್ಲಿಂ, ಇನ್ನೊಬ್ಬ ದಲಿತ. ಸಮವಸ್ತ್ರ ಹಾಕಿದರೆ ಜನ ಹೆಸರು ಕೇಳುವುದಿಲ್ಲ, ಹುದ್ದೆ ನೋಡುತ್ತಾರೆ ಅನ್ನುವುದು ಅವರ ಆಸೆ. ನೌಕರಿ ಕೈಗೆ ಬರುವುದೇ ಇಲ್ಲ. ಕಾದು ಕಾದು ಚಂದನ್ ಸೂರತ್‌ನ ಬಟ್ಟೆ ಕಾರ್ಖಾನೆಗೆ ಹೋಗುತ್ತಾನೆ. ಶೋಯಬ್ ಕಂಪನಿಯೊಂದರಲ್ಲಿ ಸೇರುತ್ತಾನೆ, ಚೆನ್ನಾಗಿ ಕೆಲಸ ಮಾಡಿಯೂ ಕ್ರಿಕೆಟ್ ಮ್ಯಾಚ್ ದಿನ ಮಾತು ಕೇಳಬೇಕಾಗುತ್ತದೆ. ಚಂದನ್‌ನ ಅಮ್ಮನಿಗೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಗುತ್ತದೆ, ಅವಳು ಮಾಡಿದ್ದನ್ನು ನಮ್ಮ ಮಕ್ಕಳು ತಿನ್ನಬಾರದು ಅಂತ ಊರಿನವರು ಬರುತ್ತಾರೆ. ಇದು ನಮ್ಮ ಕರ್ನಾಟಕದ ಶಾಲೆಗಳಲ್ಲೂ ಆಗಿದ್ದನ್ನು ನಾವು ಪೇಪರಿನಲ್ಲಿ ಓದಿದ್ದೇವೆ. ಆ ಅಮ್ಮನ ಒಡೆದ ಹಿಮ್ಮಡಿಯನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆ. ಹೊಲದ ಕೆಲಸ ಮಾಡಿದವರ ಹಿಮ್ಮಡಿ. ಬಿರುಕಿನೊಳಗೆ ಮಣ್ಣು ಹೊಕ್ಕು ಅದೇ ಬಣ್ಣ ಆಗಿಬಿಟ್ಟಿರುತ್ತದೆ. ನಮ್ಮ ಅಜ್ಜಿ ರಾತ್ರಿ ಅದಕ್ಕೆ ಮೇಣ ಕಾಯಿಸಿ ಹಚ್ಚಿಕೊಳ್ಳುತ್ತಿದ್ದಳು. ಇಡೀ ಥೇಟರಿನ ಪರದೆಯ ಮೇಲೆ ಆ ಹಿಮ್ಮಡಿ ಬಂದಾಗ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ಮಾತಾಡಲಿಲ್ಲ.

‘ಹೋಮ್‌ಬೌಂಡ್’ ಕೊನೆಗೆ ಬಂದು ತಲುಪುವುದು 2020ರ ಲಾಕ್‌ಡೌನ್‌ಗೆ. ಆಗ ಊರಿಗೆ ನಡೆದು ಹೊರಟವರ ಫೋಟೋಗಳನ್ನು ನಾವೆಲ್ಲ ನೋಡಿದ್ದೆವು. ಅಷ್ಟು ಜನ ದುಡಿಯುವವರು ನಗರಗಳಲ್ಲಿ ಇದ್ದರು ಅನ್ನುವುದು ಅವರು ರಸ್ತೆಗೆ ಇಳಿದಾಗಲೇ ಎಷ್ಟೋ ಜನರಿಗೆ ಗೊತ್ತಾದದ್ದು. ಸಿನಿಮಾದವರಿಗೂ ಸೇರಿಸಿ. ಅದಕ್ಕೆ ಮೊದಲಿನ ಇಪ್ಪತ್ತೈದು ವರ್ಷ ಹಿಂದಿ ಪರದೆಯ ಮೇಲೆ ಅವರು ಇದ್ದಿದ್ದರೆ ನಮಗೆ ಅಷ್ಟು ಅಚ್ಚರಿ ಆಗುತ್ತಿತ್ತಾ ಅಂತ ಯೋಚಿಸುತ್ತೇನೆ.

ಭಾಷೆಯದ್ದೂ ಒಂದು ಮಾತಿದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ಹಿಂದಿ ಚಿತ್ರದ ಸ್ಕ್ರಿಪ್ಟ್ ರೋಮನ್ ಲಿಪಿಯಲ್ಲಿ ಓಡಾಡುತ್ತದೆ. ನವಾಜುದ್ದೀನ್ ಸಿದ್ದಿಕಿಯಂಥ ನಟರು ನಮಗೆ ದೇವನಾಗರಿಯಲ್ಲಿ ಕೊಡಿ ಅಂತ ಕೇಳಿದ್ದುಂಟು. ಗ್ಯಾರೇಜಿನವನು, ಗಿರಣಿಯವನು, ಘಾಟಿನವನು ಆಡುವ ಮಾತು ಇಂಗ್ಲಿಷ್‌ನಲ್ಲಿ ಯೋಚಿಸಿ ರೋಮನ್‌ನಲ್ಲಿ ಬರೆದರೆ ಬರುವುದಿಲ್ಲ. ಅವನ ಕೆಲಸದ ಪದಗಳೇ ಬೇರೆ. ‘ಪಾನಾ’ ಅನ್ನುವ ಪದ ಗೊತ್ತಿಲ್ಲದವನು ಮೆಕ್ಯಾನಿಕ್‌ನ ಬಾಯಿಗೆ ಏನು ಮಾತು ಹಾಕುತ್ತಾನೆ?

ಹಿಂದಿ ಸಿನಿಮಾದಲ್ಲಿ ದುಡಿಮೆಯ ಅತ್ಯಂತ ಘನವಾದ ಚಿತ್ರಗಳಲ್ಲಿ ಒಂದನ್ನು ಮಾಡಿದವರು ನಮ್ಮ ಮೈಸೂರಿನವರು. ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’. ದೇಶ ವಿಭಜನೆಯಾದ ಮೇಲೆ ಆಗ್ರಾದಲ್ಲಿ ಉಳಿದ ಸಲೀಂ ಮಿರ್ಜಾ ಚಪ್ಪಲಿ, ಬೂಟಿನ ಕಾರ್ಖಾನೆಯವನು. ನಾನು ಅದನ್ನು ವಿಭಜನೆಯ ಚಿತ್ರ ಅಂತಲೇ ಬಹಳ ವರ್ಷ ನೋಡಿದೆ. ಈಗ ನೋಡಿದರೆ ಅದು ಒಬ್ಬನ ಕಸುಬನ್ನು ತುಂಡು ತುಂಡಾಗಿ ಕಿತ್ತುಕೊಳ್ಳುವ ಕಥೆ. ಇವನು ನಾಳೆ ಪಾಕಿಸ್ತಾನಕ್ಕೆ ಹೋಗಬಹುದು ಅಂತ ಬ್ಯಾಂಕ್ ಸಾಲ ಕೊಡುವುದಿಲ್ಲ. ಆರ್ಡರ್ ತಪ್ಪುತ್ತದೆ. ಮನೆ ಹೋಗುತ್ತದೆ. ಕಾರ್ಖಾನೆ ಹೋಗುತ್ತದೆ. ಕೊನೆಗೆ ಮಾಲೀಕ ತಾನೇ ಕೂತು ಕೈಯಾರೆ ಬೂಟು ಮಾಡುವ ಸ್ಥಿತಿಗೆ ಬರುತ್ತಾನೆ. ಬಲರಾಜ್ ಸಾಹ್ನಿ ಈ ಪಾತ್ರದ ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು ತೀರಿಕೊಂಡರು. ರಿಕ್ಷಾ ಎಳೆದ ಅದೇ ಮನುಷ್ಯ.

ಆಗ್ರಾದಲ್ಲಿ ಶೂಟಿಂಗ್‌ಗೆ ವಿರೋಧ ಬಂದಾಗ ಸತ್ಯು ಒಂದು ಉಪಾಯ ಮಾಡಿದ್ದರು. ರೀಲ್ ಇಲ್ಲದ ಕ್ಯಾಮೆರಾ ಕೊಟ್ಟು ಇನ್ನೊಂದು ತಂಡವನ್ನು ಬೇರೆ ಕಡೆ ಕಳಿಸುತ್ತಿದ್ದರು. ಜನ ಅಲ್ಲಿ ಸೇರುತ್ತಿದ್ದರು, ಇವರು ಇಲ್ಲಿ ಕೆಲಸ ಮುಗಿಸುತ್ತಿದ್ದರು. ಸೆನ್ಸಾರ್ ಮಂಡಳಿಯಲ್ಲಿ ಚಿತ್ರ ತಿಂಗಳುಗಟ್ಟಲೆ ಸಿಕ್ಕಿಕೊಂಡಿತು. ಕೊನೆಗೆ ಬಿಡುಗಡೆಯಾದಾಗ ಮೊದಲು ಬಂದದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತಾ ಚಿತ್ರಮಂದಿರಗಳಲ್ಲಿ. ಇಲ್ಲಿ ಜನ ಒಪ್ಪಿದರು, ಆಮೇಲೆ ದೇಶದ ಉಳಿದ ಕಡೆ ಹೋಯಿತು. ಆ ಎರಡು ಥೇಟರಿನಲ್ಲಿ ಅವತ್ತು ಕೂತಿದ್ದ ಬೆಂಗಳೂರಿನವರ ಬಗ್ಗೆ ನನಗೆ ತುಂಬ ಅಭಿಮಾನ.

ಇದೆಲ್ಲ ಹೇಳಿದ್ದು ಯಾಕೆ ಅಂದರೆ ಈಗ ಇನ್ನೊಂದು ಚಿತ್ರ ಅದೇ ರೀತಿ ಸಿಕ್ಕಿಕೊಂಡಿದೆ. ಸಂಧ್ಯಾ ಸೂರಿ ಅವರ ‘ಸಂತೋಷ್’. ಹಿಂದಿ ಚಿತ್ರ. 2024ರಲ್ಲಿ ಕಾನ್‌ನಲ್ಲಿ ತೋರಿಸಿದರು, ಬ್ರಿಟನ್ ಅದನ್ನು ತನ್ನ ಪರವಾಗಿ ಆಸ್ಕರ್‌ಗೆ ಕಳಿಸಿತು. ನಮ್ಮ ಸೆನ್ಸಾರ್ ಮಂಡಳಿ ಕೇಳಿದ ಬದಲಾವಣೆಗಳನ್ನು ಮಾಡಿದರೆ ಚಿತ್ರವೇ ಉಳಿಯುವುದಿಲ್ಲ ಅಂತ ತಂಡದವರು ಹೇಳಿದರು. 2025ರಲ್ಲಿ ಇಲ್ಲಿ ಬಿಡುಗಡೆ ನಿಂತುಹೋಯಿತು. ನಾಯಕಿ ಅದೇ ಶಹಾನಾ ಗೋಸ್ವಾಮಿ. ಗಂಡ ಪೊಲೀಸ್ ಕಾನ್‌ಸ್ಟೇಬಲ್, ಕೆಲಸದಲ್ಲಿರುವಾಗಲೇ ಸಾಯುತ್ತಾನೆ, ಅವನ ಹುದ್ದೆ ಹೆಂಡತಿಗೆ ಸಿಗುತ್ತದೆ. ಮೊದಲ ದೊಡ್ಡ ಪ್ರಕರಣ ಒಬ್ಬ ದಲಿತ ಹುಡುಗಿಯ ಕೊಲೆ. ಕಥೆ ಗೊತ್ತು, ಫೋಟೋ ನೋಡಿದ್ದೇನೆ, ಹೊರದೇಶದವರು ಬರೆದ ವಿಮರ್ಶೆ ಓದಿದ್ದೇನೆ. ಚಿತ್ರ ನೋಡಿಲ್ಲ.

ಅನುಕಂಪದ ನೌಕರಿ ಅಂದರೆ ಏನು ಅಂತ ನಮ್ಮ ಓಣಿಗೆ ಚೆನ್ನಾಗಿ ಗೊತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಎರಡು ಮನೆ ಆಚೆಯ ಅಕ್ಕನ ಗಂಡ ತೀರಿಕೊಂಡರು, ಅಪ್ಪನ ಜೊತೆಯೇ ವರ್ಕ್‌ಶಾಪಿನಲ್ಲಿ ಇದ್ದವರು. ಆರೇಳು ತಿಂಗಳಾದ ಮೇಲೆ ಅವಳಿಗೆ ಆರ್ಡರ್ ಬಂತು. ಮೊದಲ ದಿನ ಬೆಳಿಗ್ಗೆ ಗಂಡನ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಹೊರಟಳು. ಅಪ್ಪ ನಾಲ್ಕು ಹೆಜ್ಜೆ ಮುಂದೆ, ಅವಳು ಹಿಂದೆ. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸೈರನ್ ಆಯಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಪ್ಪನಿಗಿಂತ ಬೇಗ ಬೇಗ ಹೆಜ್ಜೆ ಹಾಕಿದಳು.

ಶಹಾನಾ ಗೋಸ್ವಾಮಿ ಆ ಖಾಕಿಯನ್ನು ಮೊದಲ ದಿನ ಹೇಗೆ ತೊಡುತ್ತಾಳೆ, ಬೆಲ್ಟಿನ ತೂತು ಸಾಲದೆ ಹೋದಾಗ ಏನು ಮಾಡುತ್ತಾಳೆ, ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವಳ ಕೈ ಎಲ್ಲಿರುತ್ತದೆ, ಇದನ್ನೆಲ್ಲ ನಾನು ನೋಡಬೇಕು. ಒಂದು ಕಟ್ ಕೂಡ ಇಲ್ಲದೆ, ಥೇಟರಿನಲ್ಲಿ, ಟಿಕೆಟ್ ಕೊಂಡು ನೋಡಬೇಕು.